ಕಾವಲು ಯಾರದು? ಹದಿಮೂರನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಪ್ರವಾದನೆ ಮತ್ತು ದುರ್ಬೋಧನೆ

ಕಡೆಯ ದಿನಗಳಲ್ಲಿ ಕಠಿಣ ಕಾಲಗಳು ಬರುವುವೆಂದೂ, ಭಕ್ತಿಯ ವೇಷವನ್ನು ಧರಿಸಿ ಅದರ ಬಲವನ್ನು ಅಲ್ಲಗಳೆಯುವ ಜನರು ಮನೆಮನೆಗಳೊಳಗೆ ನುಸುಳುವರೆಂದೂ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಎಚ್ಚರಿಕೆಯೊಂದಿದೆ. ಕ್ರೈಸ್ತ ಸಭೆ ತನ್ನನ್ನು ದುರ್ಬೋಧನೆಯಿಂದ ಕಾಪಾಡಿಕೊಳ್ಳಲು ಶತಮಾನಗಳ ಕಾಲ ಆಶ್ರಯಿಸಿದ ವಾಕ್ಯಗಳಲ್ಲಿ ಇದು ಪ್ರಮುಖವಾದುದು. ಕುರಿಯ ವೇಷದ ತೋಳಗಳನ್ನು ಕುರಿತ ಮತ್ತಾಯನ ಸುವಾರ್ತೆಯ ಮಾತು, ಎಫೆಸದ ಹಿರಿಯರಿಗೆ ಪೌಲನು ಹೇಳಿದ ಬೀಳ್ಕೊಡುಗೆಯ ಮಾತು, ಯೋಹಾನನ ಪತ್ರಿಕೆಗಳಲ್ಲಿ ಬರುವ ಕ್ರಿಸ್ತವಿರೋಧಿಯ ಕಲ್ಪನೆ ಇವೆಲ್ಲ ಇದೇ ವರ್ಗಕ್ಕೆ ಸೇರುತ್ತವೆ. ಸುಳ್ಳುಬೋಧಕರು ಬರುವರೆಂದು ಮೊದಲೇ ತಿಳಿಸಲಾಗಿದೆ. ಆದ್ದರಿಂದ ಬಂದಾಗ ಬೆಚ್ಚದೆ ಗುರುತಿಸಿರಿ ಎಂಬುದು ಇವುಗಳ ಒಟ್ಟು ಆಶಯ. ಆದರೆ ಈ ವಾಕ್ಯಗಳು ಯಾರ ಹೆಸರನ್ನೂ ಹೇಳುವುದಿಲ್ಲ. ಖಾಲಿಬಿಟ್ಟ ಆ ಸ್ಥಳದಲ್ಲಿ ಹೆಸರು ತುಂಬುವ ಅಧಿಕಾರ ಯಾರದು ಎಂಬ ಪ್ರಶ್ನೆ ಕ್ರಿ.ಶ. ೧೨೫೪ರಿಂದ ೧೨೫೬ರ ನಡುವೆ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಎಷ್ಟು ತೀವ್ರವಾಗಿ ಎದ್ದಿತೋ ಅಷ್ಟು ತೀವ್ರವಾಗಿ ಮಧ್ಯಯುಗದಲ್ಲಿ ಬೇರೆಲ್ಲೂ ಏಳಲಿಲ್ಲವೆಂದು ನನ್ನ ಅಭಿಪ್ರಾಯ.

ಇಲ್ಲಿ ಪರಿಭಾಷೆಯ ಬಗ್ಗೆ ಒಂದು ಮಾತು ಅಗತ್ಯ. ಪ್ರವಾದನೆ ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಕಾಲಜ್ಞಾನ ಸಾಹಿತ್ಯ. ಕೊಡೇಕಲ್ಲ ಬಸವಣ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಕಾಲಜ್ಞಾನ ವಚನಗಳು ನಮ್ಮಲ್ಲಿ ಸುಪರಿಚಿತ. ಬೈಬಲಿನ ಪ್ರವಾದಿ ಮುಂದಾಗುವುದನ್ನು ಹೇಳುವವನೂ ಹೌದು. ಆದರೆ ಅವನ ಮೊದಲ ಕರ್ತವ್ಯ ದೇವರ ಪರವಾಗಿ, ವರ್ತಮಾನದ ಜನರನ್ನೂ ಅರಸರನ್ನೂ ಉದ್ದೇಶಿಸಿ ಮಾತನಾಡುವುದು. ಸುಳ್ಳುಪ್ರವಾದಿಯನ್ನು ಗುರುತಿಸಲು ಧರ್ಮೋಪದೇಶಕಾಂಡ ಎರಡು ಒರೆಗಲ್ಲುಗಳನ್ನು ಕೊಡುತ್ತದೆ. ನುಡಿದದ್ದು ನಡೆಯದಿದ್ದರೆ ಆ ಮಾತು ದೇವರದಲ್ಲ ಎಂಬುದು ಒಂದು. ಸೂಚಿಸಿದ ಅದ್ಭುತ ನಡೆದರೂ ಅನ್ಯದೇವರುಗಳ ಕಡೆಗೆ ಕರೆಯುವವನನ್ನು ಕೇಳಬಾರದು ಎಂಬುದು ಮತ್ತೊಂದು. ಮೊದಲನೆಯದು ಕಾಲದ ಪರೀಕ್ಷೆ, ಎರಡನೆಯದು ತತ್ತ್ವದ ಪರೀಕ್ಷೆ. ಕಾಲದ ಪರೀಕ್ಷೆಗೆ ಕಾಯಬೇಕು, ಕಾಯುವ ವ್ಯವಧಾನ ವಿವಾದದ ನಡುವೆ ಇರುವವರಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಆದಿಸಭೆ ಮೂರನೆಯದೊಂದು ಪರೀಕ್ಷೆಯನ್ನೂ ಬಳಸುತ್ತಿತ್ತು. ೧೮೭೩ರಲ್ಲಿ ಹಸ್ತಪ್ರತಿ ದೊರೆತು ೧೮೮೩ರಲ್ಲಿ ಪ್ರಕಟವಾದ 'ಡಿಡಖೆ' ಎಂಬ ಪ್ರಾಚೀನ ಗ್ರೀಕ್ ಕೈಪಿಡಿಯ ಪ್ರಕಾರ ಊರಿಗೆ ಬಂದ ಸಂಚಾರಿ ಬೋಧಕ ಒಂದು ದಿನ, ಅಗತ್ಯವಿದ್ದರೆ ಎರಡು ದಿನ ಉಳಿಯಬಹುದು; ಮೂರು ದಿನ ಉಳಿದರೆ ಅವನು ಸುಳ್ಳುಪ್ರವಾದಿ. ಹಣ ಕೇಳಿದರೂ ಅಷ್ಟೆ. ಗ್ರಾಮೀಣ ವಿವೇಕದ ಈ ನಿಯಮ ಬೋಧನೆಯ ಗೊಡವೆಗೆ ಹೋಗದೆ ನಡತೆಯನ್ನು ಅಳೆಯುತ್ತದೆ. ಎರಡನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಿಜಿಯದಲ್ಲಿ ಮೊಂಟಾನಸ್, ಪ್ರಿಸ್ಕಿಲ್ಲ, ಮ್ಯಾಕ್ಸಿಮಿಲ್ಲ ಎಂಬವರು ಹೊಸ ಪ್ರವಾದನೆಯ ಚಳವಳಿಯನ್ನು ಎಬ್ಬಿಸಿದಾಗ ಅವರ ವಿರುದ್ಧ ಬರೆದ ಅನಾಮಧೇಯ ಲೇಖಕನೊಬ್ಬ ಕಾಲದ ಪರೀಕ್ಷೆಯನ್ನೇ ಹಿಡಿದ. ಯುದ್ಧಗಳೂ ಕ್ಷೋಭೆಗಳೂ ಬರುವುವೆಂದು ಮ್ಯಾಕ್ಸಿಮಿಲ್ಲ ನುಡಿದಿದ್ದಳು, ಅವಳು ತೀರಿಕೊಂಡು ಹದಿಮೂರು ವರ್ಷಗಳು ಮೀರಿದರೂ ಲೋಕದಲ್ಲಿ ಶಾಂತಿಯೇ ಇದೆಯಲ್ಲ ಎಂಬುದು ಅವನ ವಾದ. ಈ ಬರೆಹದ ಭಾಗಗಳನ್ನು ಯುಸೇಬಿಯಸ್ ತನ್ನ ಸಭಾಚರಿತ್ರೆಯಲ್ಲಿ ಉಳಿಸಿಕೊಟ್ಟಿದ್ದಾನೆ. ಪ್ರವಾದನೆಯಿಂದ ಸಭೆಯನ್ನು ಕಾಯಬಹುದಾದಂತೆ ಪ್ರವಾದನೆಯಿಂದಲೇ ಸಭೆಯನ್ನು ಕಾಯಬೇಕಾಗಿಯೂ ಬರಬಹುದೆಂಬ ಅರಿವು ಹೀಗೆ ಬಹು ಬೇಗ ಮೂಡಿತು.

ಸುಮಾರು ಸಾವಿರ ವರ್ಷಗಳ ಅನಂತರ ಪ್ಯಾರಿಸ್ಸಿನಲ್ಲಿ ಹೊತ್ತಿಕೊಂಡ ವಿವಾದದ ಮೂಲ ದಕ್ಷಿಣ ಇಟಲಿಯಲ್ಲಿದೆ. ಕಲಾಬ್ರಿಯದ ಮಠಾಧಿಪತಿ ಫಿಯೋರೆಯ ಜೋಕಿಮ್ (ಸು. ೧೧೩೫–೧೨೦೨) ಹಳೆಯ ಮತ್ತು ಹೊಸ ಒಡಂಬಡಿಕೆಗಳ ನಡುವೆ ಸೂಕ್ಷ್ಮವಾದ ಸಾದೃಶ್ಯಗಳನ್ನು ಕಂಡು, ಜಗತ್ತಿನ ಚರಿತ್ರೆಯನ್ನು ಪಿತ, ಸುತ, ಪವಿತ್ರಾತ್ಮ ಎಂಬ ತ್ರಯೈಕ್ಯಕ್ಕೆ ಅನುಗುಣವಾಗಿ ಮೂರು ಸ್ಥಿತಿಗಳಾಗಿ ವಿಂಗಡಿಸಿದ. ಪಿತನ ಸ್ಥಿತಿ ಗೃಹಸ್ಥರದು, ಸುತನ ಸ್ಥಿತಿ ಯಾಜಕರದು, ಬರಲಿರುವ ಪವಿತ್ರಾತ್ಮನ ಸ್ಥಿತಿ ಸಂನ್ಯಾಸಿಗಳದು. ಮತ್ತಾಯನ ವಂಶಾವಳಿಯ ನಲವತ್ತೆರಡು ತಲೆಮಾರುಗಳನ್ನು ತಲೆಮಾರಿಗೆ ಮೂವತ್ತು ವರ್ಷಗಳಂತೆ ಗುಣಿಸಿದರೆ ೧೨೬೦ ಬರುತ್ತದೆ. ಪ್ರಕಟನೆ ಗ್ರಂಥದಲ್ಲಿ ಹೇಳಿರುವ ದಿನಗಳ ಸಂಖ್ಯೆಯೂ ಅದೇ. ಜೋಕಿಮ್ ಸ್ವತಃ ತನ್ನನ್ನು ಪ್ರವಾದಿಯೆಂದು ಕರೆದುಕೊಳ್ಳಲಿಲ್ಲ, ತಾನು ಕೇವಲ ವ್ಯಾಖ್ಯಾನಕಾರನೆಂದ. ೧೨೦೦ರಲ್ಲಿ ತನ್ನ ಗ್ರಂಥಗಳೆಲ್ಲವನ್ನೂ ಪೋಪರ ತೀರ್ಪಿಗೆ ಒಪ್ಪಿಸುವ ಪತ್ರ ಬರೆದ. ತ್ರಯೈಕ್ಯವನ್ನು ಕುರಿತು ಅವನು ಪೀಟರ್ ಲೊಂಬಾರ್ಡನ ವಿರುದ್ಧ ಬರೆದ ಕಿರುಹೊತ್ತಗೆಯನ್ನು ೧೨೧೫ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಖಂಡಿಸಿತಾದರೂ ಅವನ ಮಠಕ್ಕೆ ಕಳಂಕ ಬಾರದಂತೆ ಎಚ್ಚರ ವಹಿಸಿತು.

ಜೋಕಿಮ್ ಕಾಣಹಾರೈಸಿದ್ದ ಹೊಸ ಸಂನ್ಯಾಸಿಗಳು ತಾವೇ ಎಂದು ಅವನ ಮರಣಾನಂತರ ಹುಟ್ಟಿದ ಫ್ರಾನ್ಸಿಸ್ಕನ್ ಭಿಕ್ಷುಸಂಘದ ಕೆಲವರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಅವರಲ್ಲೊಬ್ಬನಾದ ಬೋರ್ಗೊ ಸಾನ್ ಡೊನ್ನಿನೊದ ಗೆರಾರ್ಡ್ ೧೨೫೪ರಲ್ಲಿ ಪ್ಯಾರಿಸ್ಸಿನಲ್ಲಿ 'ನಿತ್ಯಸುವಾರ್ತೆಗೆ ಪ್ರವೇಶಿಕೆ' ಎಂಬ ಗ್ರಂಥವನ್ನು ಹೊರತಂದ. ಪ್ರಕಟನೆ ಗ್ರಂಥದಲ್ಲಿ ದೇವದೂತನ ಕೈಯಲ್ಲಿರುವ ನಿತ್ಯಸುವಾರ್ತೆಯೆಂದರೆ ಜೋಕಿಮನ ಮೂರು ಮುಖ್ಯ ಕೃತಿಗಳೇ ಎಂದೂ, ೧೨೬೦ರಲ್ಲಿ ಅವು ಹೊಸ ಒಡಂಬಡಿಕೆಯ ಸ್ಥಾನವನ್ನು ಆಕ್ರಮಿಸುವುವೆಂದೂ ಅವನು ಸಾರಿದ. ಗುರುವು ಹೇಳಲು ಹಿಂಜರಿದ ಮಾತನ್ನು ಶಿಷ್ಯ ಗಟ್ಟಿಯಾಗಿ ಹೇಳಿಬಿಟ್ಟ. ಪುಸ್ತಕ ನೋತ್ರದಾಮ್ ದೇವಾಲಯದ ಮುಂದಣ ಅಂಗಳದಲ್ಲಿ ಜನರ ಕೈಗೆ ಸಿಗುತ್ತಿತ್ತೆಂಬುದು ಮುಂದೆ 'ರೋಮಾನ್ ದ ಲಾ ರೋಸ್' ಕಾವ್ಯದ ಉತ್ತರಭಾಗವನ್ನು ಬರೆದ ಜಾನ್ ದ ಮನ್ ಕವಿಯಿಂದ ತಿಳಿಯುತ್ತದೆ. ದೈವಶಾಸ್ತ್ರದ ವ್ಯಾಜ್ಯವೊಂದು ಪ್ರಣಯಕಾವ್ಯದೊಳಗೆ ನುಸುಳಿತೆಂದರೆ ಅದು ಎಬ್ಬಿಸಿದ ಗದ್ದಲವನ್ನು ಊಹಿಸಬಹುದು.

ಗೆರಾರ್ಡನ ಪುಸ್ತಕ ಅಧ್ಯಾಪಕರಿಗೆ ದೊರೆತ ಗಳಿಗೆಯೂ ಗಮನಾರ್ಹ. ಭಿಕ್ಷುಸಂಘಗಳಿಗೆ ಸೇರದ ಅಧ್ಯಾಪಕರಿಗೂ ಡೊಮಿನಿಕನ್, ಫ್ರಾನ್ಸಿಸ್ಕನ್ ಭಿಕ್ಷುಗಳಿಗೂ ಪೀಠಗಳ ವಿಷಯದಲ್ಲಿ ವರ್ಷಗಳಿಂದ ಕಲಹ ನಡೆದಿತ್ತು. ಊರಾಡಿ ಉಪದೇಶಿಸುವ, ಪೋಪರ ಅನುಮತಿಯಿಂದ ಯಾವ ಊರಿನಲ್ಲಾದರೂ ಪಾಪನಿವೇದನೆ ಕೇಳುವ ಈ ಭಿಕ್ಷುಗಳು ಊರಿನ ಯಾಜಕನ ಹಕ್ಕನ್ನೂ ಆದಾಯವನ್ನೂ ಕಸಿಯುತ್ತಿದ್ದಾರೆಂಬ ದೂರೂ ಜೊತೆಗಿತ್ತು. ಅಧ್ಯಾಪಕರ ಮುಂದಾಳು ಸಂತಮೂರಿನ ಗಿಯೋಮ್. ಗೆರಾರ್ಡನ ಗ್ರಂಥದಿಂದ ಮೂವತ್ತೊಂದು ತಪ್ಪುಗಳನ್ನು ಪಟ್ಟಿಮಾಡಿ ಪೋಪರಿಗೆ ಕಳುಹಿಸಲಾಯಿತು. ೧೨೫೬ರಲ್ಲಿ ಗಿಯೋಮ್ ತನ್ನದೇ ಕೃತಿಯೊಂದನ್ನು ಮುಂದಿಟ್ಟ. ಅಂತ್ಯಕಾಲದ ಅಪಾಯಗಳನ್ನು ಕುರಿತ ಆ ಕೃತಿಯ ಹೆಸರೇ ತಿಮೊಥೆಯನ ಪತ್ರಿಕೆಯಿಂದ ಹುಟ್ಟಿದ್ದು.

ಗಿಯೋಮ್‌ನ ವಾದಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮನೆಗಳೊಳಗೆ ನುಸುಳುವವರು ಎಂಬಲ್ಲಿ ಮನೆಯೆಂದರೆ ಮನಸ್ಸಾಕ್ಷಿ. ಅಧಿಕಾರವಿಲ್ಲದೆ ಪಾಪನಿವೇದನೆ ಕೇಳುವವರು ಅದರೊಳಗೆ ನುಸುಳುತ್ತಾರೆ. ಬಿಷಪರೂ ಊರಯಾಜಕರೂ ಕರೆಯದೆ ಉಪದೇಶಿಸುವವರು, ಕಳುಹಿಸಲ್ಪಡದೆ ಬಂದವರಾದ್ದರಿಂದ ಸುಳ್ಳು ಅಪೊಸ್ತಲರು. ದುಡಿದು ತಿನ್ನದೆ ಬೇಡಿ ತಿನ್ನುವುದು, ಒಳ್ಳೆಯ ಊಟ ಸಿಗುವ ಮನೆಗಳನ್ನು ಹುಡುಕುವುದು, ಹೊಗಳಿಕೆಗೆ ಹಿಗ್ಗುವುದು ಇತ್ಯಾದಿಯಾಗಿ ನಲವತ್ತರಷ್ಟು ಲಕ್ಷಣಗಳನ್ನು ಅವನು ಕೊಡುತ್ತಾನೆ. ಡಿಡಖೆ ಅವನ ಕಾಲಕ್ಕೆ ಪಶ್ಚಿಮದಲ್ಲಿ ತಿಳಿದಿರಲಿಲ್ಲ. ಆದರೂ ನಡತೆಯ ಆ ಹಳೆಯ ಪರೀಕ್ಷೆ ಬೇರೆ ದಾರಿಯಿಂದ ಮರಳಿ ಬಂದಂತೆ ಕಾಣುತ್ತದೆ. ಒಂದು ವ್ಯತ್ಯಾಸವಿದೆ. ಡಿಡಖೆಯ ನಿಯಮ ಬಾಗಿಲಿಗೆ ಬಂದ ಒಬ್ಬ ವ್ಯಕ್ತಿಯನ್ನು ಪರೀಕ್ಷಿಸುತ್ತದೆ. ಗಿಯೋಮ್‌ನ ಪಟ್ಟಿ ಯಾರ ಹೆಸರನ್ನೂ ಎತ್ತದೆ ಒಂದು ಇಡೀ ವರ್ಗಕ್ಕೆ ಅಳತೆ ತೆಗೆದು ಹೊಲಿದ ಅಂಗಿ. ಗೆರಾರ್ಡನ ಪುಸ್ತಕ ಬಂದದ್ದನ್ನೇ ಅವನು ಅಂತ್ಯ ಸಮೀಪಿಸಿದ್ದಕ್ಕೆ ಪುರಾವೆಯಾಗಿಯೂ ಎಣಿಸುತ್ತಾನೆ. ಹೀಗೆ ಒಬ್ಬನು ಪ್ರವಾದನೆಯನ್ನು ಓದಿ ಭಿಕ್ಷುಗಳನ್ನು ಹೊಸಯುಗದ ಹರಿಕಾರರೆಂದ; ಮತ್ತೊಬ್ಬನು ಪ್ರವಾದನೆಯನ್ನೇ ಓದಿ ಅದೇ ಭಿಕ್ಷುಗಳನ್ನು ಕ್ರಿಸ್ತವಿರೋಧಿಯ ಮುಂಗಾಲಾಳುಗಳೆಂದ. ಇಬ್ಬರೂ ತಾವು ಕಡೆಯ ದಿನಗಳ ಹೊಸ್ತಿಲಲ್ಲಿದ್ದೇವೆಂಬುದನ್ನು ಮಾತ್ರ ಸಂದೇಹಿಸಲಿಲ್ಲ.

ಪೋಪ್ ನಾಲ್ಕನೆಯ ಅಲೆಕ್ಸಾಂಡರ್ ಇಬ್ಬರನ್ನೂ ಖಂಡಿಸಿದ. ೧೨೫೫ರ ಜುಲೈಯಲ್ಲಿ ಅನಾನ್ಯಿಯಲ್ಲಿ ಸೇರಿದ ಮೂವರು ಕಾರ್ಡಿನಲರ ಸಮಿತಿ ಗೆರಾರ್ಡನ ಪುಸ್ತಕವನ್ನು ಜೋಕಿಮನ ಮೂಲಗಳೊಂದಿಗೆ ಹೋಲಿಸಿ ಪರೀಕ್ಷಿಸಿತು. ಸಮಿತಿಯಲ್ಲಿದ್ದ ಸಂತ ಶೆರ್‌ನ ಹ್ಯೂಗ್ ಬೈಬಲ್ ವ್ಯಾಖ್ಯಾನದಲ್ಲಿ ಹೆಸರಾದ ಪಂಡಿತ. ಅದೇ ಅಕ್ಟೋಬರಿನಲ್ಲಿ ಪುಸ್ತಕವನ್ನು ನಾಶಪಡಿಸಲು ಆಜ್ಞೆಯಾಯಿತು, ಆದರೆ ಭಿಕ್ಷುಗಳ ಮಾನಕ್ಕೆ ಕುಂದು ಬಾರದಂತೆ ಕೆಲಸ ನಡೆಯಬೇಕೆಂದು ಪೋಪ್ ಪ್ಯಾರಿಸ್ಸಿನ ಬಿಷಪನಿಗೆ ತಿಳಿಸಿದ. ಗಿಯೋಮ್‌ನ ಕೃತಿಗೆ ಅಂಥ ರಿಯಾಯಿತಿ ದೊರೆಯಲಿಲ್ಲ. ೧೨೫೬ರ ಅಕ್ಟೋಬರ್ ೫ರಂದು ಅದು ಬಹಿರಂಗವಾಗಿ ಖಂಡಿತವಾಯಿತು. ಕಾವಲು ನಿಷ್ಪಕ್ಷಪಾತವಾಗಿತ್ತೆಂದು ಹೇಳಲಾಗದು. ಗಿಯೋಮ್ ಪ್ಯಾರಿಸ್ಸಿನಿಂದ ಹೊರಹಾಕಲ್ಪಟ್ಟು ತನ್ನ ಹುಟ್ಟೂರಿನಲ್ಲಿ ೧೨೭೨ರಲ್ಲಿ ತೀರಿಕೊಂಡ. ಗೆರಾರ್ಡನನ್ನು ಅವನ ಸಂಘವೇ ಸೆರೆಯಲ್ಲಿಟ್ಟಿತು. ಅಭಿಪ್ರಾಯ ಬದಲಿಸದ ಅವನು ಸೆರೆಯಲ್ಲೇ ಸತ್ತ, ಸಭೆಯ ವಿಧಿಯಂತೆ ಅವನಿಗೆ ಹೂಳುವ ಭಾಗ್ಯವೂ ಲಭಿಸಲಿಲ್ಲ. ಜೋಕಿಮನಲ್ಲಿ ಒಲವಿದ್ದ ಸಂಘದ ಮುಖ್ಯಸ್ಥ ಪಾರ್ಮದ ಜಾನ್ ೧೨೫೭ರಲ್ಲಿ ಹುದ್ದೆ ಬಿಡಬೇಕಾಯಿತು, ಆ ಸ್ಥಾನಕ್ಕೆ ಬೊನವೆಂಚುರ ಬಂದ.

ಈ ಗದ್ದಲದಲ್ಲಿ ತಣ್ಣನೆಯ ಬುದ್ಧಿಯಿಂದ ಬರೆದವನು ಥಾಮಸ್ ಅಕ್ವಿನಾಸ್. ೧೨೫೬ರಲ್ಲಿ ಗಿಯೋಮ್‌ಗೆ ಉತ್ತರವಾಗಿ ರಚಿಸಿದ ಗ್ರಂಥದಲ್ಲಿ ಅವನು ತನ್ನ ಭಿಕ್ಷುಬಂಧುಗಳನ್ನು ಸಮರ್ಥಿಸುವುದು ಸಹಜವೇ. ಆದರೆ ಅಂತ್ಯಕಾಲವನ್ನು ಲೆಕ್ಕಹಾಕಿ ನಿರ್ಣಯಿಸಲಾಗದೆಂದು ಅಗಸ್ಟಿನನ ಬಲದಿಂದ ತೋರಿಸಿ, ಎದುರಾಳಿಯ ವಾದದ ಬುಡವನ್ನೇ ಅಲುಗಿಸುತ್ತಾನೆ. ಮುಂದೆ ತನ್ನ ಮಹಾಗ್ರಂಥದಲ್ಲಿ, ಹೊಸ ಒಡಂಬಡಿಕೆಯನ್ನು ಮೀರಿದ ಪವಿತ್ರಾತ್ಮನ ಬೇರೊಂದು ಸ್ಥಿತಿಯನ್ನು ನಿರೀಕ್ಷಿಸಬೇಕಾಗಿಲ್ಲವೆಂದು ಜೋಕಿಮನ ಅನುಯಾಯಿಗಳಿಗೂ ಉತ್ತರ ಹೇಳಿದ. ಈ ಎರಡು ಉತ್ತರಗಳನ್ನು ಒಟ್ಟಿಗೆ ಓದಿದಾಗಲೇ ಅವನ ನಿಲುವು ಸ್ಪಷ್ಟವಾಗುವುದು: ದುರ್ಬೋಧನೆಯನ್ನು ಬೋಧನೆಯಾಗಿಯೇ ಪರಿಶೀಲಿಸಬೇಕು, ಪಂಚಾಂಗ ಅದಕ್ಕೆ ಸಾಕ್ಷಿಯಾಗಲಾರದು.

೧೨೬೦ ಬಂತು. ಇಟಲಿಯ ಪೆರುಜದಲ್ಲಿ ಮೊದಲಾಗಿ ಊರೂರುಗಳಲ್ಲಿ ಜನರು ಮೈಗೆ ಚಾಟಿಯಿಂದ ಹೊಡೆದುಕೊಳ್ಳುತ್ತ ಮೆರವಣಿಗೆ ಹೊರಟರು. ವರ್ಷ ಕಳೆಯಿತು, ಯುಗ ಬದಲಾಗಲಿಲ್ಲ. ಪಾರ್ಮದ ಸಲಿಂಬೆನೆ ಎಂಬ ಫ್ರಾನ್ಸಿಸ್ಕನ್ ಚರಿತ್ರಕಾರ ಒಂದು ಕಾಲಕ್ಕೆ ಜೋಕಿಮನ ಕಟ್ಟಾ ಅಭಿಮಾನಿ. ಕ್ರಿಸ್ತವಿರೋಧಿಯೆಂದು ಹಲವರು ತಿಳಿದಿದ್ದ ಸಾಮ್ರಾಟ ಎರಡನೆಯ ಫ್ರೆಡರಿಕ್ ೧೨೫೦ರಲ್ಲಿ ಸಾಧಾರಣ ಮನುಷ್ಯನಂತೆ ಸತ್ತಾಗಲೇ ಅವನ ನಂಬಿಕೆ ಅಲುಗಿತ್ತು. ೧೨೬೦ ಕಳೆದ ಮೇಲೆ ಆ ಮತವನ್ನು ಪೂರ್ತಿ ಬಿಟ್ಟು, ಇನ್ನು ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುವುದಾಗಿ ಬರೆದುಕೊಂಡ. ಧರ್ಮೋಪದೇಶಕಾಂಡದ ಮೊದಲ ಪರೀಕ್ಷೆ ಅವನ ಮಟ್ಟಿಗೆ ತನ್ನ ಕೆಲಸ ಮಾಡಿತು.

ಎಲ್ಲರ ಮಟ್ಟಿಗೆ ಮಾಡಲಿಲ್ಲ. ದಕ್ಷಿಣ ಫ್ರಾನ್ಸಿನ ಪೀಟರ್ ಜಾನ್ ಒಲಿವಿ (ಮ. ೧೨೯೮) ಪ್ರಕಟನೆ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಐಹಿಕ ಸಂಪತ್ತಿಗೆ ಮರುಳಾದ ಸಭೆಯೇ ಬಾಬೆಲ್ ಎಂಬ ಸೂಚನೆಯಿತ್ತು. ಅವನನ್ನು ಮೆಚ್ಚಿದ, ಕಡುಬಡತನವೇ ಸಂಘದ ಧರ್ಮವೆಂದು ಹಟ ಹಿಡಿದ ನಾಲ್ವರು ಫ್ರಾನ್ಸಿಸ್ಕನರನ್ನು ೧೩೧೮ರ ಮೇ ತಿಂಗಳಲ್ಲಿ ಮಾರ್ಸೇಯಲ್ಲಿ ಜೀವಂತ ಸುಡಲಾಯಿತು. ವ್ಯಾಖ್ಯಾನವನ್ನು ಪೋಪ್ ಇಪ್ಪತ್ತೆರಡನೆಯ ಜಾನ್ ೧೩೨೬ರಲ್ಲಿ ಖಂಡಿಸಿದ. ೧೨೫೫ರಲ್ಲಿ ಪುಸ್ತಕ ಸುಡಲು ಸಂಕೋಚಪಟ್ಟ ಸಭೆ ಅರವತ್ತಮೂರು ವರ್ಷಗಳಲ್ಲಿ ಮನುಷ್ಯರನ್ನು ಸುಡುವಲ್ಲಿಗೆ ಬಂದಿತ್ತು. ಈ ಅಂತರವನ್ನು ಬರಿಯ ದೈವಶಾಸ್ತ್ರದಿಂದ ವಿವರಿಸಲು ಹೊರಟವರು ಭಿಕ್ಷುಸಂಘದೊಳಗೆ ಆಸ್ತಿಯ ಪ್ರಶ್ನೆ ಎಷ್ಟು ಬೆಳೆದಿತ್ತೆಂಬುದನ್ನು ಮರೆಯುತ್ತಾರೆ.

ಕಡೆಗೆ ೧೫೧೬ರ ಡಿಸೆಂಬರ್ ೧೯ರಂದು ಐದನೆಯ ಲ್ಯಾಟರನ್ ಮಹಾಸಭೆ ಉಪದೇಶಕರಿಗೆ ಒಂದು ನಿಯಮ ವಿಧಿಸಿತು: ಕ್ರಿಸ್ತವಿರೋಧಿಯ ಬರುವಿಕೆಗಾಗಲಿ ತೀರ್ಪಿನ ದಿನಕ್ಕಾಗಲಿ ಗೊತ್ತಾದ ಕಾಲವನ್ನು ಯಾರೂ ಸಾರಕೂಡದು, ಹೊಸ ದರ್ಶನಗಳನ್ನು ಪ್ರಕಟಿಸುವ ಮುನ್ನ ರೋಮಿನ ಪೀಠಕ್ಕೆ, ತುರ್ತಾದರೆ ಸ್ಥಳದ ಬಿಷಪನಿಗೆ ಒಪ್ಪಿಸಬೇಕು. ಖಾಲಿಬಿಟ್ಟ ಸ್ಥಳದಲ್ಲಿ ಹೆಸರು ತುಂಬುವ ಹಕ್ಕನ್ನು ಸಭೆ ಹೀಗೆ ಶಾಸನರೂಪದಲ್ಲಿ ತನ್ನ ಕೈಯಲ್ಲಿ ಇರಿಸಿಕೊಂಡಿತು. ನಾಲ್ಕು ವರ್ಷಗಳ ಬಳಿಕ, ೧೫೨೦ರಲ್ಲಿ, ಮಾರ್ಟಿನ್ ಲೂಥರ್ ತನ್ನ ಮೇಲೆ ಬಂದ ಪೋಪರ ಆಜ್ಞಾಪತ್ರಕ್ಕೆ ಉತ್ತರ ಬರೆದಾಗ ಅದನ್ನು ಕ್ರಿಸ್ತವಿರೋಧಿಯ ಪತ್ರವೆಂದೇ ಹೆಸರಿಸಿ ಅಚ್ಚುಹಾಕಿಸಿದ.