ಎಲ್ಲಿಸ್ ಸೇತುವೆ ಜೋಡಿಸಿದ ಎರಡು ದಂಡೆ

ಅಹಮದಾಬಾದಿನ ಉತ್ತರದಂಚಿನ ಚಾಂದ್‌ಖೇಡಾದಿಂದ ಪೇಟೆ ಕಡೆ ಹೊರಟರೆ ಸಾಬರಮತಿ ಎಡಕ್ಕೆ ಸಿಗುತ್ತದೆ. ಈ ಪಶ್ಚಿಮ ದಂಡೆಯಲ್ಲಿ ಈಗ ಕಾಲಿಡಲು ಜಾಗವಿಲ್ಲ. ಒಂದೂವರೆ ಶತಮಾನದ ಹಿಂದೆ ಇಲ್ಲಿದ್ದದ್ದು ಹೊಲ ಮತ್ತು ಹಳ್ಳಿ. ಊರೆಂಬುದೆಲ್ಲ ಆಚೆ ದಂಡೆಯ ಕೋಟೆಯೊಳಗಿತ್ತು.

ಆ ಊರನ್ನು 1411ರಲ್ಲಿ ಕಟ್ಟಿಸಿದವನು ಸುಲ್ತಾನ ಅಹಮದ್ ಶಾ. ಹಗಲು ಗೋಡೆ ಏಳುತ್ತಿದ್ದಾಗ ಮಾಣೆಕ್‌ನಾಥ ಎಂಬ ಸಾಧು ಚಾಪೆ ಹೆಣೆಯುತ್ತಿದ್ದನಂತೆ. ರಾತ್ರಿ ಅವನು ಅದನ್ನು ಬಿಚ್ಚಿದರೆ ಗೋಡೆಯೂ ಕುಸಿಯುತ್ತಿತ್ತಂತೆ. ಕಥೆ ಹೇಗಾದರೂ ಇರಲಿ, ಅವನ ಹೆಸರಿನ ಮಾಣೆಕ್ ಬುರ್ಜು ಎಲ್ಲಿಸ್ ಸೇತುವೆಯ ಪೂರ್ವ ತುದಿಯಲ್ಲಿ ಇಂದಿಗೂ ನಿಂತಿದೆ. ಹಳೆಯ ಕೋಟೆನಗರಕ್ಕೆ 2017ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮನ್ನಣೆ ಕೊಟ್ಟಿತು. ಭಾರತದ ನಗರಗಳಲ್ಲಿ ಆ ಪಟ್ಟ ಮೊದಲು ಸಿಕ್ಕಿದ್ದು ಇದಕ್ಕೇ.

ಊರು ನದಿ ದಾಟಿದ್ದು ಸೇತುವೆಯಿಂದ.

1870-71ರಲ್ಲಿ ಕಟ್ಟಿದ ಮರದ ಸೇತುವೆಯನ್ನು 1875ರ ನೆರೆ ಕೊಚ್ಚಿಕೊಂಡು ಹೋಯಿತು. ಅದರ ಜಾಗದಲ್ಲಿ 1892ರಲ್ಲಿ ಉಕ್ಕಿನ ಸೇತುವೆ ಎದ್ದಿತು. ಅದಕ್ಕೆ ಬ್ರಿಟಿಷ್ ಅಧಿಕಾರಿ ಬ್ಯಾರೋ ಹೆಲ್ಬರ್ಟ್ ಎಲ್ಲಿಸ್ ಹೆಸರಿಟ್ಟರೂ ಕಟ್ಟಿದವರು ಗುಜರಾತಿ ಎಂಜಿನಿಯರ್ ಹಿಮ್ಮತ್‌ಲಾಲ್ ಧೀರಜ್‌ರಾಮ್ ಭಚೇಚ್. ಉಕ್ಕು ಬರ್ಮಿಂಗ್‌ಹ್ಯಾಮಿನಿಂದ ಬಂತು. ಅಂದಾಜು 5 ಲಕ್ಷ ರೂಪಾಯಿಯ ಕೆಲಸ ಸುಮಾರು 4 ಲಕ್ಷಕ್ಕೇ ಮುಗಿಯಿತು. ಮೆಚ್ಚುವ ಬದಲು ಸರ್ಕಾರ ಅನುಮಾನಪಟ್ಟಿತು: ಕಳಪೆ ಸಾಮಾನು ಹಾಕಿರಬೇಕು! ತನಿಖೆಗೆ ಸಮಿತಿ ಕೂತಿತು. ಕೆಲಸ ಗಟ್ಟಿಯಾಗಿದೆ ಎಂದೇ ವರದಿ ಬಂತು; ಅನುಮಾನಪಟ್ಟ ಸರ್ಕಾರವೇ ಆಮೇಲೆ ಹಿಮ್ಮತ್‌ಲಾಲರಿಗೆ ಬಿರುದು ಕೊಟ್ಟಿತು. ಸೇತುವೆಯ ಉಕ್ಕಿನ ಕಮಾನುಗಳು ಇಂದೂ ಇವೆ, ಆದರೆ ವಾಹನಗಳ ಭಾರವನ್ನು ಎರಡೂ ಪಕ್ಕದ ಹೊಸ ಕಾಂಕ್ರೀಟ್ ಸೇತುವೆಗಳು ಹೊರುತ್ತಿವೆ.

ಸೇತುವೆ ಬಂದ ಮೇಲೆ ಪಶ್ಚಿಮ ದಂಡೆಗೆ ಊರು ಹಬ್ಬಿತು. 1915ರಲ್ಲಿ ಗಾಂಧೀಜಿ ಮೊದಲ ಆಶ್ರಮ ತೆರೆದ ಕೋಚರಬ್ ಇದೇ ಬದಿಯಲ್ಲಿದೆ. 1917ರಲ್ಲಿ ಆಶ್ರಮ ಉತ್ತರಕ್ಕೆ, ಸಾಬರಮತಿಯ ದಂಡೆಗೇ ಬಂತು. ಒಂದು ಕಡೆ ಜೈಲು, ಇನ್ನೊಂದು ಕಡೆ ಸ್ಮಶಾನ. ಸತ್ಯಾಗ್ರಹಿಗೆ ಇವೆರಡರಲ್ಲಿ ಒಂದು ತಪ್ಪಿದ್ದಲ್ಲ ಎಂದು ಗಾಂಧೀಜಿಗೆ ಆ ಜಾಗ ಒಪ್ಪಿಗೆಯಾಯಿತು.

1930ರ ಮಾರ್ಚ್ 12ರ ಬೆಳಿಗ್ಗೆ ಅಲ್ಲಿಂದ ಉಪ್ಪಿನ ಸತ್ಯಾಗ್ರಹಕ್ಕೆ ದಂಡಿಗೆ ಹೊರಟವರಲ್ಲಿ ಕರ್ನಾಟಕದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರು. ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ನದಿ ದಾಟಿ ನಡೆದ ತಂಡ ಮೊದಲ ರಾತ್ರಿ ತಂಗಿದ್ದು ಅಸಲಾಲಿಯಲ್ಲಿ. ಮುಂದೆ ಅದೇ ಸ್ವಾತಂತ್ರ್ಯ ಹೋರಾಟದಲ್ಲಿ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಮಹಾದೇವಪ್ಪ ಪೊಲೀಸರ ಗುಂಡಿಗೆ ಬಲಿಯಾದರು.

ಅಹಮದಾಬಾದಿಗೆ ಹೋದ ಕನ್ನಡಿಗರು ಆಶ್ರಮವನ್ನಂತೂ ನೋಡಿಯೇ ಬರುತ್ತಾರೆ. ಅಲ್ಲಿಂದ ನದಿ ಹಿಡಿದು ದಕ್ಷಿಣಕ್ಕೆ ನಾಲ್ಕೈದು ಕಿಲೋಮೀಟರು ಹೋದರೆ ಎಲ್ಲಿಸ್ ಸೇತುವೆ, ಅದರ ತುದಿಗೆ ಮಾಣೆಕ್ ಬುರ್ಜು. ಇವಕ್ಕೂ ಒಂದರ್ಧ ಗಂಟೆ ಇಟ್ಟುಕೊಳ್ಳಿ.