ಕೊಟ್ಟಿಗೆಯ ಧೂಳೇ ಬೇರೆ, ಸಿಟಿಯ ಧೂಳೇ ಬೇರೆ

ಮಗಳಿಗೆ ಎರಡು ತುಂಬುವ ಮೊದಲೇ ನಮ್ಮ ಮನೆಗೆ ನೆಬ್ಯುಲೈಸರ್ ಬಂತು. ಊರಿಂದ ಫೋನ್ ಮಾಡಿದ ಅಮ್ಮ, "ಮಗೂನ ಮಣ್ಣಲ್ಲಿ ಆಡೋಕೆ ಬಿಡಲ್ಲ ನೀವು, ಅದಕ್ಕೇ ಈ ಉಬ್ಬಸ" ಅಂದರು. ನಾನು ಓದಿದ್ದು ಇಂಜಿನಿಯರಿಂಗ್, ವೈದ್ಯಕೀಯ ಅಲ್ಲ. ಆದರೂ ಹುಡುಕಿ ಓದಿದೆ. ಅಮ್ಮನ ಮಾತು ಅರ್ಧ ನಿಜ.

ಈ ವಾದಕ್ಕೆ ವೈಜ್ಞಾನಿಕ ರೂಪ ಸಿಕ್ಕಿದ್ದು 1989ರಲ್ಲಿ. ಬ್ರಿಟನ್ನಿನ ಡೇವಿಡ್ ಸ್ಟ್ರಾಚನ್, 1958ರಲ್ಲಿ ಹುಟ್ಟಿದ 17 ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿ ನೋಡಿ, ಅಣ್ಣ-ಅಕ್ಕಂದಿರು ಹೆಚ್ಚಿದ್ದಷ್ಟೂ ಅಲರ್ಜಿಯ ನೆಗಡಿ ಕಡಿಮೆ ಅಂದರು. ಚಿಕ್ಕಂದಿನಲ್ಲಿ ತಗಲುವ ಸೋಂಕುಗಳೇ ಮಕ್ಕಳನ್ನು ಕಾಯುತ್ತಿರಬಹುದು ಅನ್ನೋದು ಅವರ ಊಹೆ. ಇದಕ್ಕೆ 'ಹೈಜೀನ್ ಹೈಪಾಥಿಸಿಸ್' ಅನ್ನೋ ಹೆಸರು ಅಂಟಿಕೊಂಡಿತು. ಕೈ ತೊಳೆಯೋದೇ ತಪ್ಪೇನೋ ಅನ್ನಿಸುವಂಥ ಕೆಟ್ಟ ಹೆಸರು.

ನನಗೆ ಹಿಡಿಸಿದ್ದು 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ. ಆಮಿಶ್ ಮತ್ತು ಹಟರೈಟ್, ಎರಡೂ ಯುರೋಪಿನಿಂದ ಹೋದ ಕೃಷಿಕ ಸಮುದಾಯಗಳು. ವಂಶವಾಹಿ, ಊಟ, ದೊಡ್ಡ ಸಂಸಾರ ಎಲ್ಲದರಲ್ಲೂ ಹೋಲಿಕೆ. ಆದರೆ ಶಾಲಾಮಕ್ಕಳಲ್ಲಿ ಆಸ್ತಮಾ ಆಮಿಶರಲ್ಲಿ ಶೇ. 5, ಹಟರೈಟರಲ್ಲಿ ಶೇ. 21! ವ್ಯತ್ಯಾಸ ಎಲ್ಲಿ? ಆಮಿಶರು ಕುದುರೆ ಕಟ್ಟಿ ಉಳುವವರು, ಕೊಟ್ಟಿಗೆ ಮನೆ ಪಕ್ಕದಲ್ಲೇ, ಮಕ್ಕಳೂ ಅಲ್ಲೇ. ಹಟರೈಟರದ್ದು ಯಂತ್ರಗಳ ದೊಡ್ಡ ಫಾರ್ಮ್, ದನಕರು ಮನೆಯಿಂದ ದೂರ. ಆಮಿಶರ ಮನೆಯ ಧೂಳಿನಲ್ಲಿ ಬ್ಯಾಕ್ಟೀರಿಯಾದ ಹೊರಕವಚದ ಅಂಶವಾದ ಎಂಡೋಟಾಕ್ಸಿನ್ ಸುಮಾರು ಏಳು ಪಟ್ಟು ಹೆಚ್ಚಿತ್ತು. ಆ ಧೂಳಿನ ಸಾರವನ್ನು ಇಲಿಗಳ ಮೂಗಿಗೆ ಹಾಕಿದಾಗ ಅವುಗಳಿಗೆ ಆಸ್ತಮಾದಿಂದ ರಕ್ಷಣೆ ಸಿಕ್ಕಿತು. ಹಟರೈಟ್ ಮನೆಗಳ ಧೂಳು ಆ ಕೆಲಸ ಮಾಡಲಿಲ್ಲ.

ಹಾಗಂತ ಬೆಂಗಳೂರಿನ ಧೂಳು ಔಷಧಿಯಲ್ಲ ಸ್ವಾಮಿ. ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಗುರುತಿಸಿದ ಆಸ್ತಮಾ 1979ರಲ್ಲಿ ಶೇ. 9 ಇತ್ತು, 1999ಕ್ಕೆ ಶೇ. 29.5. ಆಸ್ಪತ್ರೆಗೆ ಬಂದವರ ಲೆಕ್ಕ ಇದು, ಇಡೀ ನಗರದ್ದಲ್ಲ. ಆದರೂ ಏರಿಕೆ ಕಣ್ಣಿಗೆ ಹೊಡೆಯುತ್ತೆ. ವಾಹನದ ಹೊಗೆ ಎಳೆಯ ಶ್ವಾಸನಾಳವನ್ನು ಕೆರಳಿಸುತ್ತೆ. ಬಸುರಿ, ಬಾಣಂತಿ, ಮಗು ಇರೋ ಮನೆಯಲ್ಲಿ ಬೀಡಿ-ಸಿಗರೇಟ್ ಹೊಗೆ ಇದ್ದರಂತೂ ಉಬ್ಬಸದ ಅಪಾಯ ಇನ್ನೂ ಜಾಸ್ತಿ. ಸೊಳ್ಳೆಬತ್ತಿ, ಬೆರಣಿ ಒಲೆ ಕೂಡ ಹೊಗೆಯೇ. ಕೊಟ್ಟಿಗೆಯ ಧೂಳು ಕಾಯಬಹುದು, ಅದೇ ಸಗಣಿ ಬೆರಣಿಯಾಗಿ ಉರಿದರೆ ಕಾಯಲ್ಲ. ಅಮ್ಮ ಇದನ್ನು ಒಪ್ಪಲು ತಯಾರಿಲ್ಲ.

ಇನ್ನೊಂದು ಮಾತು: ಈ ರಕ್ಷಣೆ ಕಾಣಿಸೋದು ಮುಖ್ಯವಾಗಿ ಗರ್ಭದಲ್ಲಿ ಮತ್ತು ಮೊದಲ ಒಂದೆರಡು ವರ್ಷದಲ್ಲಿ ಕೊಟ್ಟಿಗೆಯ ಒಡನಾಟ ಇದ್ದವರಲ್ಲಿ. ಆಸ್ತಮಾ ಶುರುವಾದ ಮೇಲೆ ಮಗುವನ್ನು ಕೊಟ್ಟಿಗೆಗೆ ಬಿಟ್ಟರೆ ಅದೇ ಧೂಳು ಉಬ್ಬಸ ಎಬ್ಬಿಸಬಹುದು.

ಈ ದಸರಾಕ್ಕೆ ಊರಿಗೆ ಹೊರಟಿದ್ದೇವೆ. ಒಲೆ ಉರಿಯುವಾಗ ಮಗಳು ಅಡುಗೆಮನೆಗೆ ಬರಬಾರದು ಅಂತ ಅಮ್ಮನಿಗೆ ಹೇಳಿದ್ದೇನೆ. ಕರು ಮುಟ್ಟಲಿ, ಪಕ್ಕದಲ್ಲಿ ನಾನಿರ್ತೀನಿ, ಇನ್ಹೇಲರ್ ಜೇಬಲ್ಲಿರುತ್ತೆ. "ಆ ಪಂಪು ಅಭ್ಯಾಸ ಆಗಿಬಿಡುತ್ತೆ ಕಣೋ" ಅಂತ ಅಮ್ಮ ಈಗ ಹೊಸ ರಾಗ ತೆಗೆದಿದ್ದಾರೆ.