ಸೈಲೆನ್ಸರ್ ಯಾವ ಕಡೆಯಿಂದ ಹೋಗಬೇಕು?

ಸದರ್ ಎಂಬ ಹೆಸರು ಉತ್ತರದ ಹಲವು ಊರುಗಳಲ್ಲಿ ದಂಡಿನ ಮುಖ್ಯ ಪೇಟೆಗೆ ಸಲ್ಲುತ್ತದೆ. ನಾಗಪುರದಲ್ಲೂ ಒಂದು ಸದರ್ ಇದೆ. ಅಲ್ಲಿಂದ ಛಿಂದ್ವಾಡಾ ರಸ್ತೆ ಹಿಡಿದು ಉತ್ತರಕ್ಕೆ ಹೋದರೆ ಸಾತ್ಪುಡಾದ ಬೆಟ್ಟಗಳು, ತೇಗದ ಕಾಡು. 1943ರ ಡಿಸೆಂಬರಿನಲ್ಲಿ ದೇಶದ ಮುಖ್ಯ ಎಂಜಿನಿಯರುಗಳು ಇದೇ ನಾಗಪುರದಲ್ಲಿ ಸಭೆ ಸೇರಿ ಇಪ್ಪತ್ತು ವರ್ಷಗಳ ರಸ್ತೆ ಯೋಜನೆ ರೂಪಿಸಿದರು. 100 ಚದರ ಕಿ.ಮೀ.ಗೆ 16 ಕಿ.ಮೀ. ರಸ್ತೆ ಎಂಬುದು ಅದರ ಗುರಿ. ಬೇಸಾಯ ಚೆನ್ನಾಗಿ ನಡೆಯುವ ಸೀಮೆಯಲ್ಲಿ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ 5 ಮೈಲಿಗಿಂತ ದೂರ ಇರಬಾರದು ಎಂದೂ ಅದು ಹೇಳಿತು. ಆದರೆ ಮಳೆಗಾಲದಲ್ಲಿ ಆ 5 ಮೈಲಿ ದಾಟುವುದು ಹೇಗೆ?

ಉತ್ತರ ಯುದ್ಧದಿಂದ ಬಂತು: ನಾಲ್ಕೂ ಚಕ್ರಕ್ಕೆ ಎಳೆತ ಇರುವ ಗಾಡಿ. ಅಂಥ ಗಾಡಿಯನ್ನು ಹೊಸದಾಗಿಯೇ ಕಟ್ಟಬೇಕೆಂದಿಲ್ಲ, ಇದ್ದುದನ್ನು ಮಾರ್ಪಡಿಸಲೂಬಹುದು ಎಂದು ಅಮೆರಿಕದಲ್ಲಿ ಆಗಲೇ ತೋರಿಸಿಕೊಟ್ಟಿದ್ದರು. ಇಂಡಿಯಾನಾಪೊಲಿಸ್‌ನಲ್ಲಿ 1931ರಲ್ಲಿ ಹುಟ್ಟಿದ ಮಾರ್ಮನ್-ಹೆರಿಂಗ್ಟನ್ ಕಂಪನಿ ಫೋರ್ಡ್ ಲಾರಿಗಳಿಗೆ ಮುಂದಿನ ಎಳೆತ ಜೋಡಿಸುತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ ಫೋರ್ಡ್ ಚಾಸಿಸ್ ಮೇಲೆ ಕಟ್ಟಿದ ಕವಚದ ಗಾಡಿಯ ಮೊದಲ ಮಾದರಿಗೆ ಹಿಂದಿನ ಚಕ್ರಗಳಿಗಷ್ಟೇ ಎಳೆತವಿತ್ತು. ಎರಡನೆಯ ಮಾದರಿಗೆ ಈ ಕಂಪನಿಯ ಸಾಮಗ್ರಿಯಿಂದ ನಾಲ್ಕಕ್ಕೂ ಎಳೆತ ಬಂತು. ಕಂಪನಿಯ ಆರ್ಥರ್ ಹೆರಿಂಗ್ಟನ್ 1942ರಲ್ಲಿ ಭಾರತಕ್ಕೂ ಬಂದಿದ್ದರು. ಇಲ್ಲಿನ ಯುದ್ಧಸಾಮಗ್ರಿ ಉತ್ಪಾದನೆಯನ್ನು ನೋಡಲು ಬಂದ, ಹೆನ್ರಿ ಗ್ರೇಡಿ ನೇತೃತ್ವದ ಅಮೆರಿಕನ್ ತಾಂತ್ರಿಕ ನಿಯೋಗದಲ್ಲಿ ಅವರೂ ಒಬ್ಬರು.

ಮಾರ್ಪಾಡು ಎಂದರೆ ಮುಂದಿನ ಆಕ್ಸಲ್, ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್, ಇವೆರಡರ ನಡುವೆ ಒಂದು ಪ್ರೊಪೆಲ್ಲರ್ ಶಾಫ್ಟ್ ಎಂದು ಎಣಿಸಿ ಮುಗಿಸುವುದು ಸುಲಭ. ಆ ಎಣಿಕೆಯಲ್ಲಿ ಬಿಟ್ಟುಹೋಗುವುದು ಸೈಲೆನ್ಸರ್ ಪೈಪು. ಹಿಂದಿನ ಚಕ್ರವಷ್ಟೇ ಎಳೆಯುವ ಗಾಡಿಯಲ್ಲಿ ಎಂಜಿನ್ನಿನಿಂದ ಇಳಿದ ಪೈಪು ಗೇರ್‌ಬಾಕ್ಸಿನ ಪಕ್ಕದ ಖಾಲಿ ಜಾಗದಲ್ಲಿ ಆರಾಮವಾಗಿ ಹಿಂದಕ್ಕೆ ಹೋಗುತ್ತದೆ. ಮುಂದಿನ ಶಾಫ್ಟಿಗೂ ಬೇಕಾಗುವುದು ಅದೇ ಜಾಗ. ಶಾಫ್ಟ್ ತಿರುಗುವುದಷ್ಟೇ ಅಲ್ಲ, ಆಕ್ಸಲ್ ಏರಿಳಿದಂತೆ ತಾನೂ ಏರಿಳಿಯುತ್ತದೆ. ನಿಂತ ಗಾಡಿಯಲ್ಲಿ ಪೈಪಿಗೂ ಅದಕ್ಕೂ ನಡುವೆ ಕಂಡ ಸಂದು ಗುಂಡಿಗೆ ಇಳಿದಾಗ ಇರುವುದಿಲ್ಲ.

ವಿಲ್ಲಿಸ್ ಜೀಪನ್ನು ರೂಪಿಸಿದವರು ಈ ಜಾಗವನ್ನು ಮೊದಲೇ ಹಂಚಿಟ್ಟಿದ್ದರು. ಅದರ ಟ್ರಾನ್ಸ್‌ಫರ್ ಕೇಸಿನಿಂದ ಎಳೆತ ಹೊರಡುವುದು ನಡುವಿನಿಂದಲ್ಲ, ಬಲಪಕ್ಕದಿಂದ. ಮುಂದಿನ ಡಿಫರೆನ್ಷಿಯಲ್ ಕೂಡ ಬಲಕ್ಕೆ ಸರಿದು ಕೂತಿದೆ. ಹೀಗಾಗಿ ಶಾಫ್ಟ್ ಎಂಜಿನ್ನಿನ ಆಯಿಲ್ ಪ್ಯಾನನ್ನು ಬಳಸಿಕೊಂಡು ಪಕ್ಕದಲ್ಲೇ ಹಾದುಹೋಗುತ್ತದೆ. ಉಳಿದದ್ದಕ್ಕೆಲ್ಲ ಇದನ್ನು ನೋಡಿಕೊಂಡೇ ಜಾಗ ಗೊತ್ತುಮಾಡಲಾಯಿತು. ಸ್ವಾತಂತ್ರ್ಯದ ಹೊತ್ತಿಗೆ ಮುಂಬೈಯ ಮಹೀಂದ್ರ ಕಂಪನಿ ಕೈಗೆತ್ತಿಕೊಂಡದ್ದು ಈ ಜೀಪನ್ನೇ.

ಮುಂದೆ ಟಾರು ರಸ್ತೆ ಹಳ್ಳಿಗಳತ್ತ ಬಂದಂತೆ ಬಾಡಿಗೆ ಓಟಕ್ಕೆ ಹಿಂದಿನ ಎಳೆತದ ಜೀಪೇ ಸಾಕಾಯಿತು. ಬೆಲೆಯೂ ಕಡಿಮೆ, ಡೀಸೆಲ್ ಖರ್ಚೂ ಕಡಿಮೆ. ಅಂಥ ಜೀಪನ್ನು ತೋಟಕ್ಕೋ ಕಾಡುದಾರಿಗೋ ಬೇಕೆಂದು ಮತ್ತೆ ‘ಫೋರ್ ವೀಲ್’ ಮಾಡಹೊರಟಾಗ ಹಳೆಯ ಪ್ರಶ್ನೆ ಎದುರಾಗುತ್ತದೆ. ಪೈಪನ್ನು ಶಾಫ್ಟಿನ ಕೆಳಗಿನಿಂದ ದಾಟಿಸಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಕೊಡಚಾದ್ರಿಯಂಥ ಏರಿನಲ್ಲಿ ಮೊದಲ ಕಲ್ಲು ತಾಗುವುದು ಅದಕ್ಕೇ. ಶಾಫ್ಟಿಗೆ ಒತ್ತಿಕೊಂಡಂತೆ ಬಿಟ್ಟರೆ ಕಾವಿಗೆ ಜಾಯಿಂಟಿನ ಗ್ರೀಸ್ ಕರಗುತ್ತದೆ, ಆಯಿಲ್ ಸೀಲ್ ಗಡುಸಾಗಿ ಸೋರುತ್ತದೆ. ಆದ್ದರಿಂದ ಸಾಧ್ಯವಿದ್ದಲ್ಲೆಲ್ಲ ಶಾಫ್ಟ್ ಒಂದು ಮಗ್ಗುಲು, ಪೈಪು ಇನ್ನೊಂದು ಮಗ್ಗುಲು. ದಾಟಲೇಬೇಕಾದರೆ ಚಾಸಿಸ್ಸಿನ ಅಡ್ಡಪಟ್ಟಿಯ ಮರೆಯಲ್ಲಿ, ಅದಕ್ಕಿಂತ ಕೆಳಗೆ ಇಳಿಯದಂತೆ ದಾಟಬೇಕು. ಬ್ರೇಕ್ ಪೈಪು, ಡೀಸೆಲ್ ಪೈಪು ಹತ್ತಿರವಿದ್ದರೆ ನಡುವೆ ತಗಡಿನ ಮರೆ ಬೇಕು. ಎಂಜಿನ್ ಅಲುಗುತ್ತದೆ, ಚಾಸಿಸ್ ಅಲುಗುವುದಿಲ್ಲ. ಅದಕ್ಕೇ ಪೈಪನ್ನು ಬಿಗಿಯಾಗಿ ಬೆಸೆಯದೆ ರಬ್ಬರಿನಲ್ಲಿ ತೂಗುಹಾಕುತ್ತಾರೆ.

ತಪ್ಪಿದರೆ ತೆರಬೇಕಾದ ಬೆಲೆ ರಿಪೇರಿ ಖರ್ಚಷ್ಟೇ ಅಲ್ಲ. ಬಿರುಕುಬಿಟ್ಟ ಪೈಪಿನಿಂದ ಸೋರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆಯೆಂದು ಟಾರ್ಪಾಲು ಇಳಿಬಿಟ್ಟ ಜೀಪಿನಲ್ಲಿ ಹಿಂದೆ ಕೂತವರಿಗೆ ಅದು ಗೊತ್ತೇ ಆಗುವುದಿಲ್ಲ. ಬೇಸಿಗೆಯಲ್ಲಿ ಅಪಾಯ ಬೇರೆ. ತೇಗದ ಎಲೆ ಉದುರಿ ಹುಲ್ಲು ಒಣಗಿದ ಕಾಡಿನಲ್ಲಿ, ತಗ್ಗಿನಲ್ಲಿ ತೂಗುವ ಕಾದ ಪೈಪಿಗೆ ಹುಲ್ಲು ಸಿಕ್ಕಿಕೊಂಡರೆ ಬೆಂಕಿ ಹತ್ತಬಹುದು.

ಕಾನೂನೂ ಇದನ್ನು ಲಘುವಾಗಿ ಕಾಣುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ, ತಯಾರಕರು ಮೂಲತಃ ನಮೂದಿಸಿದ ವಿವರಕ್ಕೆ ಆರ್‌ಸಿ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಹಳೆಯ ಜೀಪನ್ನು ಪ್ರೀತಿಸುವವರಿಗೆ ಇದು ಕಠಿಣ ಎನಿಸಬಹುದು. ಆದರೆ ಕಾರ್ಖಾನೆಯಲ್ಲಿ ಲೆಕ್ಕಹಾಕಿ ಹಂಚಿದ ಜಾಗವನ್ನು ಷೆಡ್ಡಿನಲ್ಲಿ ಮರುಹಂಚುವಾಗ ತಪ್ಪುಗಳು ನುಸುಳುವುದು ಸುಲಭ ಎಂಬುದು ಆ ಕಾಠಿಣ್ಯದ ಹಿಂದಿರುವ ಸತ್ಯ.

ಯುದ್ಧಕಾಲದ ಜೀಪಾಗಲಿ ಇಂದಿನ ಗಾಡಿಯಾಗಲಿ, ಪರೀಕ್ಷೆ ಒಂದೇ. ಮುಂದಿನ ಒಂದು ಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಹಿಂದಿನ ಅದೇ ಮಗ್ಗುಲಿನ ಚಕ್ರವನ್ನು ತಗ್ಗಿಗೆ ಇಳಿಸಿ, ಎಂಜಿನ್ ಆರಿಸಿ ಬ್ಯಾಟರಿ ಬಿಟ್ಟು ನೋಡಬೇಕು. ಆಗಲೂ ಶಾಫ್ಟಿಗೂ ಪೈಪಿಗೂ ನಡುವೆ ಬೆರಳುಗಳು ಸಲೀಸಾಗಿ ಹೋದರೆ, ನಾಗಪುರದ ಯೋಜನೆ ಉಳಿಸಿಟ್ಟ 5 ಮೈಲಿಯನ್ನು ಆ ಗಾಡಿ ದಾಟೀತು.